ಅಲ್ಯೂಮಿನಿಯಂ ಕ್ಲೈಂಬಿಂಗ್ ಸ್ಟಿಕ್: ಸದ್ದು ಅಡಗಿಸೋದು, ಹೊಳಪು ಮರೆಸೋದು ಹೇಗೆ?

ಬಿಲ್ಲು_ಮಿಶಿಗನ್ ಕೇಳಿದ್ದು:

ನಮಸ್ಕಾರ. ಅಕ್ಟೋಬರ್ 1ಕ್ಕೆ ಅಮೆರಿಕದ ಮಿಶಿಗನ್‌ನಲ್ಲಿ ಬಿಲ್ಲು ಬೇಟೆಯ ಸೀಸನ್ ಶುರು. ವೈಟ್‌ಟೇಲ್ ಜಿಂಕೆಗೆ ಮರಸು ಕೂರೋಕೆ ಇರುವ ಸಾಮಾನು ಇಷ್ಟು: ಮರಕ್ಕೆ ಕಟ್ಟಿ ಹತ್ತುವ, ಮೆಟ್ಟಿಲಿರುವ 20 ಇಂಚಿನ ಅಲ್ಯೂಮಿನಿಯಂ ಕೊಳವೆಯ ಸ್ಟಿಕ್ ನಾಲ್ಕು, ಒಂದೊಂದಕ್ಕೂ ಕ್ಯಾಮ್ ಬಕಲ್ ಪಟ್ಟಿ (ಬಕಲ್ ಒಳಗಿನ ಕ್ಯಾಮ್ ಅನ್ನೋ ಹಲ್ಲು ಪಟ್ಟಿಯನ್ನು ಕಚ್ಚಿ ಹಿಡಿಯುತ್ತೆ), ಮೇಲೊಂದು ಹ್ಯಾಂಗ್-ಆನ್ ಸ್ಟ್ಯಾಂಡ್, ಅಂದರೆ ಕಾಂಡಕ್ಕೆ ಕಟ್ಟಿ ಕೂರುವ ಪೀಠ. ಸರ್ಕಾರಿ ಕಾಡು. ನಾನು ಪ್ರತಿ ಸಲ ಹೊತ್ತು, ಕಟ್ಟಿ, ಬಿಚ್ಚಿ ತರ್ತೀನಿ.

ನಡೆಯುವಾಗ ಸ್ಟಿಕ್‌ಗಳು ಒಂದಕ್ಕೊಂದು ತಾಗಿ ಟಿಣ್ ಅನ್ನುತ್ತವೆ. ಕತ್ತಲಲ್ಲಿ ಪಟ್ಟಿ ಸುತ್ತುವಾಗ ಬಕಲ್ ಹೋಗಿ ಕೊಳವೆಗೆ ಬಡಿಯುತ್ತೆ. ಕಪ್ಪು ಪೌಡರ್ ಕೋಟ್ (ಪುಡಿ ಬಣ್ಣದ ಲೇಪ) ಅಂಚಲ್ಲಿ ಸವೆದು ಬಿಳಿ ಲೋಹ ಹೊಳೀತಿದೆ. ಪ್ಯಾರಾಕಾರ್ಡ್ (ತೆಳು ನೈಲಾನ್ ಹಗ್ಗ) ಸುತ್ತಲಾ, ಟೇಪಾ, ಬಣ್ಣವಾ? ಬಣ್ಣದ ವಾಸನೆಗೆ ಜಿಂಕೆ ಬೆದರಲ್ವಾ? ಇಲ್ಲಾ ಮರಕ್ಕೇ ತಿರುಪಿ ಕೂರಿಸುವ ಸ್ಕ್ರೂ ಸ್ಟೆಪ್‌ಗೆ ಹೋದರೆ ಇಷ್ಟೆಲ್ಲ ತಾಪತ್ರಯ ತಪ್ಪುತ್ತಾ?

ಮೌನಿ_ಮರ:

ಸ್ಕ್ರೂ ಸ್ಟೆಪ್ ಮಾತು ಬಿಡಿ. ಮಿಶಿಗನ್ ಸಾರ್ವಜನಿಕ ಜಮೀನಲ್ಲಿ ಅದನ್ನು ಬಳಸೋದಿರಲಿ, ಜೊತೆಗೆ ಇಟ್ಟುಕೊಳ್ಳೋದೂ ನಿಯಮಕ್ಕೆ ವಿರುದ್ಧ. ಮರಕ್ಕೆ ಗಾಯ ಆಗುತ್ತೆ ಅನ್ನೋದೇ ಕಾರಣ.

ಟೇಪ್ ಕೊಳ್ಳುವ ಮೊದಲು ಸದ್ದು ಎಲ್ಲಿಂದ ಅಂತ ಹುಡುಕಿ. ಮಡಕೆ ಕೊಳ್ಳುವಾಗ ತಟ್ಟಿ ನೋಡ್ತೀವಲ್ಲ, ಹಾಗೆ. ಸ್ಟಿಕ್ಕನ್ನು ದಾರದಲ್ಲಿ ನೇತುಹಾಕಿ, ಚಮಚದಲ್ಲಿ ಉದ್ದಕ್ಕೂ ತಟ್ಟುತ್ತಾ ಬನ್ನಿ. ಟೊಳ್ಳು ಕೊಳವೆ ಟಿಣ್ಣ್ ಅಂತ ಎಳೆದು ಹಾಡುತ್ತೆ. ಮಡಚುವ ಮೆಟ್ಟಿಲಿದ್ದರೆ ಅದರ ಬೋಲ್ಟ್ ಹತ್ತಿರ ಗಿಲಗಿಲ ಬರುತ್ತೆ. ಎರಡಕ್ಕೂ ಮದ್ದು ಬೇರೆ ಬೇರೆ.

ಗಿಲಗಿಲಕ್ಕೆ ಟೇಪ್ ಏನೂ ಮಾಡಲ್ಲ. ಮೆಟ್ಟಿಲಿಗೂ ಕೊಳವೆಗೂ ನಡುವೆ ತೆಳು ನೈಲಾನ್ ವಾಷರ್ ಹಾಕಿ, ಲಾಕ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ. ಕೈಯಲ್ಲಿ ಒತ್ತಿದರೆ ತಿರುಗಬೇಕು, ತನ್ನಷ್ಟಕ್ಕೆ ಜೋಲಬಾರದು. ವಾಷರ್ ಹಾಕಿದ ಮೇಲೂ ಬೋಲ್ಟಿನ ಎರಡು ಸುತ್ತು ಎಳೆ ನಟ್ಟಿಂದ ಆಚೆ ಕಾಣಬೇಕು. ಕಾಣದಿದ್ದರೆ ವಾಷರ್ ದಪ್ಪ ಆಯ್ತು, ತೆಗೀರಿ.

ಕೊಳವೆಗೆ ಹಾಕಿ ಆಟದ ಕೋಲಿಗೆ ಸುತ್ತುವ ಬಟ್ಟೆ ಟೇಪ್ ಸಾಕು. ಲೆಕ್ಕ ಹೀಗೆ: 25 ಮಿ.ಮೀ. ಕೊಳವೆಯ ಸುತ್ತಳತೆ ಸುಮಾರು 8 ಸೆಂ.ಮೀ.; 2.5 ಸೆಂ.ಮೀ. ಅಗಲದ ಟೇಪನ್ನು ಅರ್ಧ ಅರ್ಧ ಮೇಲೆ ಬರೋ ಹಾಗೆ ಸುತ್ತಿದರೆ ಒಂದು ಸ್ಟಿಕ್ಕಿಗೆ 40 ಸುತ್ತು, ಅಂದರೆ ಮೂರೂಕಾಲು ಮೀಟರ್. ನಾಲ್ಕಕ್ಕೆ 13 ಮೀಟರ್. ಕೆಳಗಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ ಮೇಲಿನ ಪದರ ಕೆಳಗಿನದನ್ನು ಮುಚ್ಚಬೇಕು. ಉಲ್ಟಾ ಸುತ್ತಿದರೆ ನೀರು ಒಳಗೆ ನುಗ್ಗಿ ಅಂಟು ಬಿಡುತ್ತೆ. ಸುತ್ತುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಬೆಚ್ಚಗಿನ ಕೋಣೆಯಲ್ಲಿ ಕೆಲಸ ಮಾಡಿ. ಚಳಿಯ ಗ್ಯಾರೇಜಲ್ಲಿ ಅಂಟಿಸಿದ್ದು ಮೊದಲ ಮಂಜಿಗೇ ಎದ್ದು ಬರುತ್ತೆ.

ಟೇಪ್ ಹಾಕಬಾರದ ಜಾಗ: ಮೆಟ್ಟಿಲ ಮೇಲಿನ ಹಲ್ಲು, ಮರಕ್ಕೆ ಕಚ್ಚುವ ಕೊಕ್ಕೆ, ಬಕಲ್ ಒಳಗಿನ ಕ್ಯಾಮ್. ನಿಮ್ಮನ್ನು ಹಿಡಿದಿರೋದೇ ಆ ಮೂರು. ಸದ್ದಿಗೋಸ್ಕರ ತೂತು ಕೊರೆಯೋದೂ ಬೇಡ.

ಹುಬ್ಳಿ_ಬಣ್ಣದಂಗಡಿ:

ಬಣ್ಣದ ಬಗ್ಗೆ ಹೇಳ್ತೀನಿ ನೋಡ್ರಿ. ಜಿಂಕಿ ಕಣ್ಣಾಗ ಬಣ್ಣ ಗುರುತಿಸೋ ಕೋನ್ ಎರಡೇ ಥರ. ಒಂದು ನೀಲಿ ಕಡೆ, ಸುಮಾರು 450 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಇನ್ನೊಂದು ಹಸಿರು ಕಡೆ, 537ರ ಆಸುಪಾಸು. ಕೆಂಪು, ಕಿತ್ತಳೆ ಅದಕ್ಕ ಮಬ್ಬು. ನೀಲಿ ಮಾತ್ರ ನಮಗಿಂತ ಚೊಲೊ ಕಾಣ್ತದ. ಅದಕ್ಕ ಸ್ಟಿಕ್ಕಿಗೆ ದುಬಾರಿ ಎಲಿ ಚಿತ್ರ ಬೇಕಾಗಿಲ್ರಿ; ಹೊಳಪು ಇರಬಾರದು, ನೀಲಿ ಛಾಯಾ ಇರಬಾರದು, ಅಷ್ಟ. ನೀಲಿ ಹಗ್ಗದ ತುದಿ ನೇತಾಡ್ತಿದ್ರ ಮೊದಲು ಅದನ್ನ ತೆಗೀರಿ.

ಪೌಡರ್ ಕೋಟ್ ಪೂರ್ತಿ ಕೆರೀಬ್ಯಾಡ್ರಿ. 220 ನಂಬರ್ ಉಪ್ಪು ಕಾಗದದಲ್ಲಿ ಹೊಳಪು ಹೋಗೂವಷ್ಟು ಉಜ್ಜಿ, ಒರೆಸಿ, ಬಿಳಿ ಲೋಹ ಕಂಡಲ್ಲಿ ಮಾತ್ರ ಸೆಲ್ಫ್-ಎಚಿಂಗ್ ಪ್ರೈಮರ್ (ಲೋಹಾನ ತುಸು ಕೊರೆದು ಹಿಡಿಯೋ ತಳದ ಬಣ್ಣ) ಹೊಡೀರಿ. ಬರೇ ಅಲ್ಯೂಮಿನಿಯಂ ಮ್ಯಾಲೆ ಸಾದಾ ಸ್ಪ್ರೇ ನಿಲ್ಲಂಗಿಲ್ಲ, ಚಕ್ಕಿ ಚಕ್ಕಿ ಏಳ್ತದ. ಆಮ್ಯಾಲೆ ಮ್ಯಾಟ್ ಬೂದು-ಖಾಕಿ ತೆಳ್ಳಗ ಎರಡು ಸಲ. ಒಂದೇ ಸಲ ದಪ್ಪ ಹೊಡದ್ರ ಇಳೀತದ, ಇಳದಲ್ಲೇ ಮೊದಲು ಸುಲೀತದ. ಕೊನಿಗೆ ಗೋಣಿತಟ್ಟು ಅಡ್ಡ ಹಿಡಿದು ಕಂದು ಬಣ್ಣದ ಉದ್ದ ಗೆರಿ ಎಳೀರಿ. ಓಕ್, ಮೇಪಲ್ ಮರಕ್ಕ ಬೂದು ಜಾಸ್ತಿ. ರೆಡ್ ಪೈನ್ ಆದ್ರ ಕೆಂಗಂದು.

ಪಟ್ಟಿ, ಹಗ್ಗ ಮೊದಲೇ ಬಿಚ್ಚಿಡ್ರಿ. ಬಣ್ಣದಾಗಿನ ಸಾಲ್ವೆಂಟ್ ನೂಲಿಗೆ ಬಿತ್ತಂದ್ರ ಅದರ ತಾಕತ್ತು ನಂಬಾಕ ಆಗಂಗಿಲ್ಲ. ವಾಸನಿಗೆ ಮದ್ದು ಗಾಳಿ ಒಂದೇ: ಸೀಸನ್‌ಗೆ ಮೂರು ವಾರ ಮೊದಲು ಮುಗಿಸಿ ಹೊರಗ ನೇತುಹಾಕ್ರಿ. ಬಣ್ಣ ಪೂರ್ತಿ ಒಣಗೋದ್ರೊಳಗ ಟೇಪ್ ಹಚ್ಚಿದ್ರ ಟೇಪಿನ ಸಂಗಾಟ ಬಣ್ಣನೂ ಬರ್ತದ.

ದುಡ್ಡಿಲ್ಲದ ಮರೆ ಒಂದದ. ಜಿಂಕಿ ಬರೋ ದಾರಿಗೆ ಬೆನ್ನಾದ ಕಡೆ ಸ್ಟಿಕ್ ಕಟ್ರಿ. ಕಾಂಡದಷ್ಟು ದೊಡ್ಡ ಪರದೆ ಯಾವ ಅಂಗಡಿಯಾಗೂ ಸಿಗಂಗಿಲ್ಲ.

ಕುಲುಮೆ_ಕಾರ್ಕಳ:

ಪ್ಯಾರಾಕಾರ್ಡ್ ವಿಷಯ ಯಾರೂ ಹೇಳಲಿಲ್ಲ. ನೋಡಲು ಚಂದ, ಹಿಡಿತವೂ ಒಳ್ಳೆಯದೇ. ಆದರೆ 4 ಮಿ.ಮೀ. ಹಗ್ಗವನ್ನು 25 ಮಿ.ಮೀ. ಕೊಳವೆಗೆ ಸುತ್ತಲು ಪ್ರತಿ 10 ಸೆಂ.ಮೀ.ಗೆ ಎರಡೂಕಾಲು ಮೀಟರ್ ಬೇಕು. ಇಡೀ ಸ್ಟಿಕ್ಕಿಗೆ 11 ಮೀಟರ್ ದಾಟುತ್ತದೆ, ತೂಕವೂ ಏರುತ್ತದೆ. ದೊಡ್ಡ ತೊಂದರೆ ನವೆಂಬರಿನದ್ದು: ಹಗ್ಗ ನೀರು ಕುಡಿದು ರಾತ್ರಿ ಹೆಪ್ಪುಗಟ್ಟಿದರೆ ಕಾಲಿಡುವಲ್ಲಿ ಮಂಜುಗಡ್ಡೆಯ ಕವಚ. ಮೆಟ್ಟಿಲಿಗೆ ಖಂಡಿತ ಬೇಡ. ಫೆಲ್ಟ್ ಬಟ್ಟೆಗೂ ಇದೇ ಮಾತು.

ಕೊಳವೆಯೊಳಗೆ ಉಬ್ಬುವ ಫೋಮ್ ತುಂಬಿಸುವವರಿದ್ದಾರೆ. ಉಕ್ಕಿನ ಸ್ಟಿಕ್ಕಿಗೆ ಅದು ಕೆಟ್ಟ ಕೆಲಸ, ನೀರು ಸಿಕ್ಕಿಕೊಂಡು ಒಳಗಿಂದಲೇ ತುಕ್ಕು ತಿನ್ನುತ್ತದೆ, ಹೊರಗೆ ಕಾಣುವುದೂ ಇಲ್ಲ. ಬೇಕೇ ಬೇಕೆಂದರೆ ಕಿಟಕಿ ಸಂದಿಗೆ ತುಂಬುವ ಬ್ಯಾಕರ್ ರಾಡ್ ಎಂಬ ಫೋಮ್ ಕೋಲು ತನ್ನಿ, ಕೊಳವೆಯ ಒಳವ್ಯಾಸಕ್ಕಿಂತ ತುಸು ದಪ್ಪದ್ದು. ಉದ್ದಕ್ಕೂ ಒಂದೇ ತುಂಡು ತುರುಕಿ. ಬೇಡವಾದರೆ ಎಳೆದು ತೆಗೆಯಬಹುದು. ನೀರಿಳಿಯುವ ತೂತು ಮುಚ್ಚಬಾರದು.

ಮತ್ತೆ, ಶ್ಯಾಗ್‌ಬಾರ್ಕ್ ಹಿಕೋರಿಯಂಥ ತೊಗಟೆ ಸುಲಿಯುವ ಮರಕ್ಕೆ ಯಾವ ಟೇಪೂ ಉಪಯೋಗವಿಲ್ಲ, ತೊಗಟೆಯೇ ಪರಪರ ಎನ್ನುತ್ತದೆ. ಬೇರೆ ಮರ ನೋಡಿ.

(ಊರಿನಲ್ಲಿ ಓದುವವರಿಗೆ: ಭಾರತದಲ್ಲಿ ಕಾಡುಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿರುವುದು ಅಮೆರಿಕದ ಲೈಸೆನ್ಸಿನ ಮಾತು.)

ಬಿಲ್ಲು_ಮಿಶಿಗನ್:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೊಳವೆಗೆ ಟೇಪ್, ಮೆಟ್ಟಿಲು ಬರಿದೇ. ಬಕಲ್ಲಿಗೆ ಏನು ಮಾಡೋದು? ಅದರದ್ದೇ ಸದ್ದು ಜಾಸ್ತಿ.

ಮೌನಿ_ಮರ:

ಬಕಲ್ ಬಡಿಯೋ ಜಾಗ ಪ್ರತಿ ಸಲ ಒಂದೇ. ಅಲ್ಲಿ ಟೇಪಿನ ಮೇಲೆ ವೆಲ್ಕ್ರೋದ ಮೆತ್ತನೆ ಭಾಗದ 8 ಸೆಂ.ಮೀ. ತುಂಡು ಅಂಟಿಸಿ. ಬಕಲ್ ಹೊರ ಚೌಕಟ್ಟಿಗೆ ಒಂದು ಪದರ ಟೇಪ್ ಸಾಕು. ಪಟ್ಟಿ ಓಡುವ ದಾರಿಗೆ ಅಂಟು ತಾಗಬಾರದು, ತಾಗಿದರೆ ಕ್ಯಾಮ್ ಕಚ್ಚಲ್ಲ, ಪಟ್ಟಿ ಜಾರುತ್ತೆ. ಕಟ್ಟುವಾಗ ಬಕಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಪಟ್ಟಿಯ ಇನ್ನೊಂದು ತುದಿಯನ್ನು ಮರದ ಸುತ್ತ ತನ್ನಿ. ಬಕಲ್ ಎಸೆದು ಆ ಕಡೆ ಹಿಡಿಯೋ ಅಭ್ಯಾಸದಿಂದಲೇ ಅರ್ಧ ಸದ್ದು. ತಯಾರಕರೇ ಕೊಡುವ ಹಗ್ಗದ ಜೋಡಣೆ ನಿಮ್ಮ ಸ್ಟಿಕ್ಕಿಗೆ ಇದ್ದರೆ ಬಕಲ್ಲೇ ಬೇಡ. ಅಂಗಡಿಯ ಯಾವುದೋ ಹಗ್ಗ ಕಟ್ಟಿ ಅದರ ಮೇಲೆ ಹತ್ತಬೇಡಿ.

ಹೊರುವಾಗ ನಾಲ್ಕೂ ಒಂದರೊಳಗೊಂದು ಕೂರಿಸಿ, ಎರಡು ಕಡೆ ರಬ್ಬರ್ ಪಟ್ಟಿ ಬಿಗೀರಿ, ಬೆನ್ನಿಗೇರಿಸಿ ಮನೆಯಲ್ಲೇ ನಾಲ್ಕು ಸಲ ಕುಣಿದು ನೋಡಿ. ಎಲ್ಲಿ ಟಿಣ್ ಅಂತೋ ಅಲ್ಲಿ ಇನ್ನೊಂದು ತುಂಡು.

ಕಟ್ಟುವಾಗ ಎರಡೂ ಕೈ ಬೇಕಲ್ಲ, ಅದಕ್ಕೆ ನೆಲ ಬಿಟ್ಟ ಕ್ಷಣದಿಂದ ಹಾರ್ನೆಸ್, ಲೈನ್‌ಮನ್ ಬೆಲ್ಟ್ (ಮರದ ಸುತ್ತ ಬಂದು ಸೊಂಟ ಹಿಡಿಯುವ ಪಟ್ಟಿ) ಎರಡೂ ಮೈಮೇಲಿರಲಿ. ಬೆಲ್ಟಿನ ಕ್ಯಾರಬೀನರ್ (ಗೇಟಿರುವ ಲೋಹದ ಕೊಂಡಿ) ಸ್ಟಿಕ್ಕಿಗೆ ಬಡಿದರೆ ಅದಕ್ಕೂ ಒಂದು ಸುತ್ತು ಟೇಪ್, ಗೇಟ್ ಬಿಟ್ಟು.