ಸೋಮವಾರ ಶಾಸಕರ ಕಚೇರಿಗೆ ಹೊರಟಿರುವವರಿಗೆ

ನಮ್ಮ ಮನೆಯವರ ಗ್ರೂಪಿನಲ್ಲಿ ಎಲ್ಲರ ಮೆಸೇಜೂ ಓದಿದೆ. ಚಿಕ್ಕಪ್ಪ ಹಾಕಿರುವ ಪೋಸ್ಟರನ್ನೂ ನೋಡಿದೆ, ಸೋಮವಾರ ಶಾಸಕರು ಅಹವಾಲು ಕೇಳುತ್ತಾರೆ ಅಂತ. ಅದರ ಕೆಳಗೆ ಒಬ್ಬೊಬ್ಬರೂ ಒಂದೊಂದು ಕಷ್ಟ ಬರೆದಿದ್ದೀರಿ. ದೊಡ್ಡಮ್ಮನ ಪಿಂಚಣಿ ನಿಂತಿದೆ. ಭಾವನಿಗೆ ಹಾರ್ಟ್ ಆಪರೇಷನ್ ಆಗಬೇಕು. ಆಲೂರಿನಲ್ಲಿ ನಾವು ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ನಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಅಂತ ಹಾಕಿದ ಅರ್ಜಿ, ಫಾರಂ 57, ಹಾಗೇ ಕೂತಿದೆ. ಮಕ್ಕಳಿಗೆ ಕಾಲೇಜಿಗೆ ಹೋಗಲು ಬೆಳಗ್ಗೆ ಬಸ್ಸಿಲ್ಲ. ಎಲ್ಲರೂ ಒಂದೇ ಗಾಡಿ ಮಾಡಿಕೊಂಡು ಹೋಗೋಣ ಅಂತ ತಮ್ಮ ಹೇಳಿದ್ದಾನೆ. ಹೊರಡುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ.

ಪಂಚಾಯಿತಿ ಸದಸ್ಯೆಯಾಗಿದ್ದಾಗ ಅರ್ಜಿ ಹಿಡಿದು ಅಲೆಯುವವರನ್ನು ತುಂಬಾ ನೋಡಿದ್ದೇನೆ. ಶಾಸಕರ ಹತ್ತಿರ ಹೋಗಬೇಡಿ ಅಂತ ಹೇಳುತ್ತಿಲ್ಲ. ಖಂಡಿತ ಹೋಗಿ, ನಾವೇ ಆರಿಸಿ ಕಳಿಸಿರುವವರು. ಆದರೆ ಅವರಿಂದಲೇ ಆಗಬೇಕಾದ ಕೆಲಸ ಹಿಡಿದುಕೊಂಡು ಹೋಗಿ. ನಾಡಕಚೇರಿಯಲ್ಲಿ ಆಗುವ ಕೆಲಸಕ್ಕೆ ಅವರ ಬಾಗಿಲಲ್ಲಿ ಇಡೀ ದಿನ ಕಾಯುವುದು ಬೇಡ.

ಮೊದಲು ಯಾವ ಶಾಸಕರು ಅನ್ನೋದು ಸರಿಯಾಗಿ ಗೊತ್ತಿರಲಿ. ಭಾವ, ನಿಮ್ಮದು ಹಾಸನ ತಾಲೂಕು ನಿಜ, ಆದರೆ ಕಟ್ಟಾಯ ಹೋಬಳಿ. ಕಟ್ಟಾಯ ಇರುವುದು ಸಕಲೇಶಪುರ ಕ್ಷೇತ್ರದಲ್ಲಿ. ಪೇಪರಿನಲ್ಲಿ ಸಕಲೇಶಪುರ-ಆಲೂರು-ಕಟ್ಟಾಯ ಕ್ಷೇತ್ರ ಅಂತ ಬರೆಯುತ್ತಾರಲ್ಲ, ಅದೇ. ತಹಸೀಲ್ದಾರ್ ಹಾಸನದವರು, ಶಾಸಕರು ಸಕಲೇಶಪುರದವರು. ನೀವು ಹಾಸನದ ಶಾಸಕರ ಕಚೇರಿಗೆ ಹೋದರೆ ಅವರು ಮರ್ಯಾದೆಯಿಂದಲೇ ವಾಪಸ್ ಕಳಿಸುತ್ತಾರೆ, ನಿಮ್ಮ ದಿನ ಹಾಳು. ಓಟರ್ ಐಡಿಯ ಹಿಂಭಾಗದಲ್ಲಿ ಕ್ಷೇತ್ರದ ಹೆಸರಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ದೊಡ್ಡಮ್ಮನ ಸಂಧ್ಯಾ ಸುರಕ್ಷಾ ಪಿಂಚಣಿ ವಿಷಯ. ತಿಂಗಳಿಗೆ 1200 ರೂಪಾಯಿ, ಅದನ್ನೇ ನಂಬಿಕೊಂಡು ಮಾತ್ರೆ ತರಿಸುತ್ತಾರೆ, ನಿಂತರೆ ಕಷ್ಟವೇ. ಆದರೆ ಇದಕ್ಕೆ ಶಾಸಕರ ಪತ್ರ ಬೇಡ. ಅಕ್ಕ, ನೀನೇ ಹೇಳಿದ್ದೆಯಲ್ಲ, ಗೃಹಲಕ್ಷ್ಮಿಗೆ ಅಂತ ದೊಡ್ಡಮ್ಮನಿಗೆ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿಸಿದೆ ಅಂತ. ಈಗ ದುಡ್ಡು ಹೋಗುವುದು ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆಯೋ ಅಲ್ಲಿಗೆ. ಹೊಸ ಖಾತೆಗೆ ಲಿಂಕ್ ಆದರೆ ಪಿಂಚಣಿಯೂ ಅಲ್ಲಿಗೇ ಹೋಗಿ ಬೀಳುತ್ತದೆ. ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲು ಹೊಸ ಪಾಸ್‌ಬುಕ್ ಎಂಟ್ರಿ ಮಾಡಿಸು. ಮೊಬೈಲಿನಲ್ಲಿ ಡಿಬಿಟಿ ಕರ್ನಾಟಕ ಅಂತ ಆ್ಯಪ್ ಇದೆ, ಅದರಲ್ಲೂ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಗಿದೆ ಅಂತ ಬರುತ್ತದೆ. ಎರಡರಲ್ಲೂ ಇಲ್ಲ ಅಂದರೆ ಆಗ ನಾಡಕಚೇರಿಗೆ ಹೋಗಿ ಗ್ರಾಮ ಆಡಳಿತಾಧಿಕಾರಿಯನ್ನು ಕೇಳು, ಯಾಕೆ ತಡೆದಿದ್ದೀರಿ ಅಂತ. ಹೊಸದಾಗಿ ಅರ್ಜಿ ಕೊಡಬೇಕಾಗಿ ಬಂದರೆ ಸಕಾಲ ಸಂಖ್ಯೆ ಇರುವ ರಸೀದಿ ಇಸ್ಕೊಳ್ಳದೆ ಬರಬೇಡ. ಆ ಸಂಖ್ಯೆ ಇದ್ದರೆ ಇಷ್ಟು ದಿನದಲ್ಲಿ ಮಾಡಿಕೊಡಲೇಬೇಕು ಅಂತ 2011ರ ಕಾಯ್ದೆಯೇ ಇದೆ. ತಡವಾದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು.

ಭಾವನ ಆಪರೇಷನ್ನಿಗೆ ಶಾಸಕರ ಪತ್ರ ಬೇಕಾಗಬಹುದು, ಆದರೆ ಅದು ಎರಡನೇ ಹೆಜ್ಜೆ. ಮೊದಲು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹುಡುಕಿ. ಅಡ್ಮಿಟ್ ಆಗುವ ಮುಂಚೆಯೇ ಇದನ್ನೆಲ್ಲ ಕೇಳಿ ಭಾವ, ಬಿಲ್ ಆದಮೇಲೆ ಕೇಳಿದರೆ ಈ ಯೋಜನೆಯಲ್ಲಿ ಏನೂ ಮಾಡಲು ಬರುವುದಿಲ್ಲ.

ಅದರಲ್ಲಿ ಆಗಲಿಲ್ಲ, ಕೈಯಿಂದ ಹಣ ಹಾಕಬೇಕು ಅಂತಾದರೆ ಆಗ ಮುಖ್ಯಮಂತ್ರಿಗಳ ಪರಿಹಾರ ನಿಧಿ. ಅದಕ್ಕೆ ಶಾಸಕರ ಶಿಫಾರಸು ಪತ್ರ ಹಚ್ಚಿದರೆ ಒಳ್ಳೆಯದು. ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಅಥವಾ ಬಿಲ್ಲುಗಳು, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲು ಜೊತೆಯಲ್ಲಿರಲಿ. ಪೂರ್ತಿ ಬಿಲ್ ಬರುತ್ತದೆ ಅಂತ ನಂಬಿ ಸಾಲ ಮಾಡಬೇಡಿ. ಸ್ವಲ್ಪ ಭಾಗ ಬರುತ್ತದೆ, ಅದೂ ನಿಧಾನ.

ಈಗ ಫಾರಂ 57. ಇದು ನಿಜವಾಗಿ ಶಾಸಕರ ಹತ್ತಿರ ಹೋಗಬೇಕಾದ ಕೆಲಸ. ಇಂಥ ಅರ್ಜಿಗಳನ್ನು ತೀರ್ಮಾನಿಸುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಸೀಲ್ದಾರ್ ಕಾರ್ಯದರ್ಶಿ. ಶಾಸಕರು ಸಭೆ ಕರೆಯದೆ ಒಂದು ಕಡತವೂ ಮುಂದೆ ಹೋಗುವುದಿಲ್ಲ. ಆದರೆ ಚಿಕ್ಕಪ್ಪ, ನೀವು ಸುಮ್ನೆ ಹೋಗಿ ನಮ್ಮ ಜಮೀನು ಮಾಡಿಕೊಡಿ ಸ್ವಾಮಿ ಅಂದರೆ ಅವರು ನೋಡೋಣ ಅಂತಾರೆ, ನೀವು ಕೈಮುಗಿದು ಬರುತ್ತೀರಿ. ಸೋಮವಾರಕ್ಕೆ ಮುಂಚೆಯೇ, ಕಚೇರಿ ತೆರೆದಿರುವ ದಿನ, ಆಲೂರು ತಾಲೂಕು ಕಚೇರಿಗೆ ಹೋಗಿ ಕಡತ ಎಲ್ಲಿದೆ ಅಂತ ತಿಳಿದುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಮಹಜರು ಮಾಡಿದ್ದಾರಾ? ಆರ್‌ಐ, ಅಂದರೆ ಕಂದಾಯ ನಿರೀಕ್ಷಕರು, ವರದಿ ಕೊಟ್ಟಿದ್ದಾರಾ? ಸರ್ವೆ ಸ್ಕೆಚ್ ಆಗಿದೆಯಾ? ಆ ಸರ್ವೆ ನಂಬರ್ ಅರಣ್ಯದ ಪಟ್ಟಿಯಲ್ಲಿ ಸಿಕ್ಕಿಕೊಂಡಿದೆಯಾ? ನಮ್ಮ ಕಡೆ ಈ ಕೊನೆಯದ್ದೇ ದೊಡ್ಡ ತಲೆನೋವು. ಅರಣ್ಯ ಅಂತ ಇದ್ದರೆ ಸಮಿತಿ ಎಷ್ಟು ಮನಸ್ಸು ಮಾಡಿದರೂ ಮಂಜೂರು ಮಾಡಲು ಬರುವುದಿಲ್ಲ. 2005ರ ಜನವರಿ 1ಕ್ಕೆ ಮುಂಚಿನಿಂದಲೂ ಸಾಗುವಳಿ ಮಾಡುತ್ತಿದ್ದೇವೆ ಅಂತ ತೋರಿಸುವ ಕಾಗದ ಏನಿದೆಯೋ ಎಲ್ಲ ತೆಗೆದಿಡಿ. ಅಜ್ಜ ದಂಡ ಕಟ್ಟಿದ ಟಿ.ಟಿ. ರಸೀದಿ ಹಳೇ ಟ್ರಂಕಿನಲ್ಲಿ ಇರಬೇಕು, ಮಡಿಕೆ ಹರಿದಿದೆ, ಜೋಪಾನವಾಗಿ ತೆಗೆದು ಜೆರಾಕ್ಸ್ ಮಾಡಿಸಿ.

ಇಷ್ಟು ತಿಳಿದುಕೊಂಡು ಹೋದರೆ ಶಾಸಕರ ಮುಂದೆ ಖಡಕ್ಕಾಗಿ ಕೇಳಬಹುದು: ನಮ್ಮ ಊರಿನ ಇಷ್ಟು ಅರ್ಜಿಗಳಿಗೆ ಆರ್‌ಐ ವರದಿ ಬಂದಿಲ್ಲ, ತರಿಸಿ. ಮುಂದಿನ ಸಭೆಗೆ ಹಾಕಿಸಿ. ಸಭೆ ಯಾವತ್ತು ಹೇಳಿ. ಊರಿನವರು ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು. ಇನ್ನೊಂದು ಮಾತು. ಸಮಿತಿಯಲ್ಲಿ ಪಾಸ್ ಮಾಡಿಸಿಕೊಡುತ್ತೇನೆ ಅಂತ ಎಕರೆಗಿಷ್ಟು ದುಡ್ಡು ಕೇಳಿಕೊಂಡು ಯಾರಾದರೂ ಬಂದರೆ ಮನೆ ಒಳಗೆ ಕರೀಬೇಡಿ. ಬಡವರ ಮಕ್ಕಳ ಫೀಸಿನ ದುಡ್ಡು ಹೀಗೆ ಹೋಗಿರುವುದನ್ನು ಕಣ್ಣಾರೆ ನೋಡಿ ಹೊಟ್ಟೆ ಉರಿದಿದೆ.

ಬಸ್ಸಿನ ವಿಷಯವೂ ಶಾಸಕರ ಹತ್ತಿರ ಹೇಳುವಂಥದ್ದೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರು ಓಡಾಡುವುದು ಜಾಸ್ತಿ ಆಗಿದೆ, ಅದು ಒಳ್ಳೆಯದೇ, ಬಸ್ಸೂ ಅದಕ್ಕೆ ತಕ್ಕ ಹಾಗೆ ಜಾಸ್ತಿ ಆಗಬೇಕಲ್ವಾ. ಬೆಳಗಿನ ಬಸ್ಸು ತುಂಬಿ ಬಂದು ನಿಲ್ಲಿಸದೆ ಹೋದರೆ ಮಕ್ಕಳಿಗೆ ಮೊದಲ ಕ್ಲಾಸ್ ತಪ್ಪುತ್ತದೆ. ಪಂಚಾಯಿತಿಯಿಂದ ಒಂದು ನಿರ್ಣಯ ಮಾಡಿಸಿ, ಮಕ್ಕಳ ಸಹಿ ಹಾಕಿಸಿ, ಕೆಎಸ್‌ಆರ್‌ಟಿಸಿ ಹಾಸನ ವಿಭಾಗೀಯ ನಿಯಂತ್ರಣಾಧಿಕಾರಿಗೆ ಶಾಸಕರಿಂದ ಪತ್ರ ಬರೆಸಿ. ತಾಲೂಕಿನ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲೂ ಇದನ್ನು ಎತ್ತಿ ಅಂತ ಕೇಳಿ. ಆ ಸಭೆಗೆ ಶಾಸಕರೇ ಅಧ್ಯಕ್ಷರು, ಎಲ್ಲ ಇಲಾಖೆಯವರೂ ಎದುರಿಗೆ ಕೂತಿರುತ್ತಾರೆ.

ಅತ್ತೆ ಮನೆ ಮುಂದಿನ ಬೀದಿದೀಪ ಪಂಚಾಯಿತಿಯದು, ಕರೆಂಟ್ ಹೋದರೆ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ. ಹೆದ್ದಾರಿ, ರೈಲು ಸಂಸದರಿಗೆ.

ಕಾಡಾನೆ ಕಾಟದ ಬಗ್ಗೆ ಯಾರೂ ಬರೆದಿಲ್ಲ, ಅದೇ ನನಗೆ ಬೇಜಾರು. ಆಲೂರು, ಸಕಲೇಶಪುರ, ಬೇಲೂರು, ಆ ಕಡೆ ಮೂಡಿಗೆರೆ, ಎಲ್ಲಾ ಕಡೆ ಇದೇ ಗೋಳು. ಕೂಲಿಗೆ ಹೋದವರು ಸಂಜೆ ವಾಪಸ್ ಬರುವ ತನಕ ಮನೆಯವರಿಗೆ ಜೀವ ಕೈಯಲ್ಲಿ. ಬೆಳೆ ಹೋದರೆ ಪರಿಹಾರದ ಅರ್ಜಿ ಅರಣ್ಯ ಇಲಾಖೆಗೆ, ಸರಿ. ಆದರೆ ಆನೆ ತಡೆಯುವ ಬ್ಯಾರಿಕೇಡ್ ಎಷ್ಟು ದೂರ ಬಂತು, ಆನೆ ಕಾರ್ಯಪಡೆಗೆ ಜನ ಸಾಕಾ, ಬಾಕಿ ಪರಿಹಾರ ಎಷ್ಟಿದೆ ಅಂತ ವಿಧಾನಸಭೆಯಲ್ಲಿ ಕೇಳಬೇಕಾದವರು ಶಾಸಕರು. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಉತ್ತರಗಳು ಕನ್ನಡದಲ್ಲೇ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ. 224 ಶಾಸಕರಲ್ಲಿ ನಮ್ಮ ಹಾಸನ ಜಿಲ್ಲೆಯವರು 7, ಚಿಕ್ಕಮಗಳೂರಿನವರು 5. ಈ 12 ಜನರೂ ಪಕ್ಷ ಬದಿಗಿಟ್ಟು ಆನೆ ವಿಷಯದಲ್ಲಿ ಒಟ್ಟಿಗೆ ನಿಲ್ಲಬೇಕು ಅನ್ನೋದು ನನ್ನ ಆಸೆ. ಗುದ್ದಲಿ ಪೂಜೆಯ ಫೋಟೋ ಗ್ರೂಪಿಗೆ ದಿನಾ ಬರುತ್ತದೆ, ಬರಲಿ, ರಸ್ತೆಯೂ ಬೇಕು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ ಅಷ್ಟೇ. ಉಳಿದದ್ದನ್ನು ಸರ್ಕಾರದಿಂದ ಕೇಳಿ ತರಬೇಕು. ಸದನದಲ್ಲಿ ನಮ್ಮ ಊರಿನ ಬಗ್ಗೆ ಏನು ಕೇಳಿದರು ಅನ್ನೋದನ್ನೂ ನಾವು ವಿಚಾರಿಸಬೇಕು. ಸೋಮವಾರ ಹೋದಾಗ ಇದನ್ನೂ ಒಂದು ಅರ್ಜಿಯಾಗಿ ಕೊಡಿ.

ಅರ್ಜಿ ಬರೆಯುವಾಗ ಒಂದು ವಿಷಯಕ್ಕೆ ಒಂದೇ ಹಾಳೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಂದಿನ ಅರ್ಜಿ ಸಂಖ್ಯೆ ಎಲ್ಲ ಮೇಲೇ ಇರಲಿ. ಶಾಸಕರು ಅದರ ಮೇಲೇ ನಿಯಮಾನುಸಾರ ಕ್ರಮ ವಹಿಸಿ ಅಂತ ಬರೆದು ಸಹಿ ಹಾಕುತ್ತಾರೆ. ಯಾವ ಅಧಿಕಾರಿಗೆ ಅಂತ ಹೆಸರಿಸಿ ಬರೆಸಿಕೊಳ್ಳಿ, ಒಂದು ಪ್ರತಿ ಇಟ್ಟುಕೊಳ್ಳಿ, ಆ ಕಚೇರಿಗೆ ನೀವೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿ.

ತಮ್ಮ, ಬಸ್ಸಿನ ಅರ್ಜಿ ಮತ್ತು ಆನೆ ಅರ್ಜಿ ನೀನು ಬರೆದು ಇಲ್ಲಿ ಹಾಕು, ನಾನು ನೋಡಿ ತಿದ್ದಿ ಕಳಿಸುತ್ತೇನೆ. ಅಕ್ಕ, ದೊಡ್ಡಮ್ಮನ ಹೊಸ ಪಾಸ್‌ಬುಕ್ ನಾಳೆಯೇ ಎಂಟ್ರಿ ಮಾಡಿಸಿ ಫೋಟೋ ಹಾಕು.