ಸಹಾಯ ಬೇಕು: ಎಂಟು ವರ್ಷದ ಮಗುವನ್ನು ಮೇ ತಿಂಗಳಲ್ಲಿ ಹೊನ್ನೇಮರಡಿಗೆ ಕರೆದೊಯ್ಯಬಹುದೇ?
ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದಿರುವ ಅಣ್ಣನ ಮಕ್ಕಳಿಬ್ಬರು, ಎಂಟು ಮತ್ತು ಹದಿಮೂರು ವರ್ಷದವರು, ಸಾಗರದ ಸಮೀಪದ ನಮ್ಮ ಮನೆಯಲ್ಲಿದ್ದಾರೆ. ಹಲಸಿನ ಹಪ್ಪಳ ಒತ್ತಿದ್ದು, ಮುರುಗಲು ಹಣ್ಣಿನ ಪಾನಕ ಮಾಡಿದ್ದು, ಅಜ್ಜಿಯೊಂದಿಗೆ ಚೌಕಾಬಾರ ಆಡಿದ್ದು ಎಲ್ಲವೂ ಮೊದಲ ವಾರಕ್ಕೇ ಮುಗಿಯಿತು (ಹಪ್ಪಳ ಒಣಗುವ ಮೊದಲೇ ಅರ್ಧ ಖಾಲಿಯಾಯಿತೆನ್ನಿ). ಸಕ್ರೆಬೈಲಿನಲ್ಲಿ ಬೆಳಗಿನ ಹೊತ್ತು ಆನೆಗಳ ಸ್ನಾನವನ್ನೂ ತ್ಯಾವರೆಕೊಪ್ಪದ ಹುಲಿ, ಸಿಂಹಗಳನ್ನೂ ತೋರಿಸಿಕೊಂಡು ಬಂದೆವು. ಜೋಗದಲ್ಲಿ ಈಗ ನೀರಿಗಿಂತ ಬಂಡೆಯೇ ಹೆಚ್ಚು ಕಾಣುವುದರಿಂದ ಅದನ್ನು ಮಳೆಗಾಲಕ್ಕೆ ಬಿಟ್ಟಿದ್ದೇವೆ.

ಮಕ್ಕಳಿಗೆ ಬೇಕಾಗಿರುವುದು ನೀರಾಟ. ಹೊಳೆಯ ಗುಂಡಿಗಳ ಆಳ ತಿಳಿಯದೆ ಇಳಿಸಲು ನನಗೆ ಧೈರ್ಯವಿಲ್ಲ. ಆದ್ದರಿಂದ ಶರಾವತಿ ಹಿನ್ನೀರಿನ ಹೊನ್ನೇಮರಡಿನಲ್ಲಿ ಜೀವರಕ್ಷಕ ಜಾಕೆಟ್ ತೊಡಿಸಿ ತೆಪ್ಪ, ಕಯಾಕ್‌ಗಳಲ್ಲಿ ಕರೆದೊಯ್ಯುವುದೇ ಸರಿಯೆಂದು ತೋರುತ್ತಿದೆ. ಆದರೆ ಬೇಸಿಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿಯುವುದರಿಂದ, ಮಂಡಿನೋವಿರುವ ಅಮ್ಮನನ್ನೂ ಜೊತೆಗೆ ಕರೆದೊಯ್ಯಬಹುದೇ ಎಂಬುದರಲ್ಲಿಯೇ ಗೊಂದಲವಾಗಿದೆ. ಅಲ್ಲಿನ ದೂರವಾಣಿಗೆ ಎರಡು ದಿನ ಪ್ರಯತ್ನಿಸಿದರೂ ಸಂಪರ್ಕ ಸಿಗಲಿಲ್ಲ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ: ಎಂಟು ವರ್ಷದವರನ್ನು ನೀರಿಗೆ ಬಿಡುತ್ತಾರೆಯೇ, ಮೊದಲೇ ಕಾಯ್ದಿರಿಸಬೇಕೇ, ವಾಹನ ನಿಲ್ಲಿಸಿದಲ್ಲಿಂದ ನೀರಿನ ಅಂಚಿಗೆ ಎಷ್ಟು ದೂರ ನಡೆಯಬೇಕು?