ಅಪ್‌ಡೇಟ್: ಮಲ್ಪೆ ಸಮೀಪದ ಮನೆಯ ಹೊರಗೋಡೆಯ ಬಗ್ಗೆ

ಮಲ್ಪೆಯ ಕಡಲಿಗೆ ಹತ್ತಿರ ಕಟ್ಟುತ್ತಿರುವ ನಮ್ಮ ಮನೆಯ ಮುರಕಲ್ಲಿನ ಗೋಡೆಗೆ ಗಿಲಾವು ಬೇಕೇ, ಹಾಗೆಯೇ ಬಿಡಬಹುದೇ ಎಂದು ಹಿಂದೆ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು. ಮುಂಗಾರಿನ ಗಾಳಿಮಳೆ ನೇರವಾಗಿ ಬಡಿಯುವ ಪಡುವಣ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಹಂಚಿನ ಮಾಡು ಚೆನ್ನಾಗಿ ಮುಂಚಾಚಿರುವ ಜಗಲಿಯ ಬದಿಯಲ್ಲಿ ಮಾತ್ರ ಕಲ್ಲನ್ನು ತೆರೆದಿಟ್ಟು, ಹೊರಗಿನ ನೀರನ್ನು ತಡೆದರೂ ಒಳಗಿನ ತೇವ ಆವಿಯಾಗಲು ಬಿಡುವ ಸಿಲೇನ್ ದ್ರಾವಣವನ್ನು ಅದಕ್ಕೆ ಹಚ್ಚಿಸಲು ತೀರ್ಮಾನಿಸಿದ್ದೇವೆ. ಹೊಳೆಯುವ ವಾರ್ನಿಷ್ ಬೇಡವೆಂದದ್ದು ಇದೇ ಕಾರಣಕ್ಕೆ (ಆ ಹೊಳಪು ನನಗೆ ಮೊದಲೇ ಹಿಡಿಸಿರಲಿಲ್ಲ). ಸಜ್ಜಾಗಳ ತಳದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಬೆರಳಗಲದ ಗೀರು ಬಿಡಿಸಿದ್ದರಿಂದ ನೀರು ಗೋಡೆಯತ್ತ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಕಂಬಿಗಳಿಗೆ, ಉಪ್ಪುಗಾಳಿಯನ್ನು 304ಕ್ಕಿಂತ ಚೆನ್ನಾಗಿ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಆರಿಸಿದ್ದೇವೆ. ಗಿಲಾವು ಪೂರ್ತಿ ಒಣಗಬೇಕಾದ್ದರಿಂದ ಬಣ್ಣದ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಂಡಿದ್ದೇವೆ.